ಮನೆ-ಮಾರು: ರೇಲಿಂಗಿನ ತೂತು, ತಮ್ಮನ ಛತ್ತು



ಮಳೆಗಾಲದ ಮುಂಚೆ ಅನೇಕರು ಗಚ್ಚಿಗೆ, ಬಾಲ್ಕನಿಗೆ ರೇಲಿಂಗ್ ಹಾಕಿಸುತ್ತಾರೆ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಇಚಲಕರಂಜಿಯಲ್ಲಿ ನಮ್ಮದು ಎರಡು ಮಜಲಿನ ಮನೆ. ಕೆಳಗೆ ತಮ್ಮನ ಸಂಸಾರ, ಮೇಲೆ ನಮ್ಮದು. ನಮ್ಮ ಮುಂದಿನ ಗಚ್ಚಿಯೇ ತಮ್ಮನ ಮಲಗುವ ಕೋಣೆಯ ಛತ್ತು. ಮೊಮ್ಮಗ ನಡೆಯಲು ಕಲಿತ. ಪ್ಯಾರಾಪೆಟ್ ಗೋಡೆ ಮೊಣಕಾಲೆತ್ತರ ಮಾತ್ರ. ರೇಲಿಂಗ್ ಹಾಕುವವನನ್ನು ಕರೆಸಿದೆವು. ಏಳು ಕಂಬ, ಕಂಬಕ್ಕೆ ನಾಲ್ಕು ಬೋಲ್ಟು. ಒಂದೇ ದಿನದಲ್ಲಿ ಗಚ್ಚಿಗೆ 28 ತೂತು ಬಿದ್ದವು. ಅಂಗಡಿ ಬಿಟ್ಟು ಬಂದು ನಾನು ನೋಡಲಿಲ್ಲ.

2021ರ ಜುಲೈ. ಪಂಚಗಂಗೆ ಉಕ್ಕಿದ ವಾರ. ತಮ್ಮ ಮೇಲೆ ಬಂದು, “ಅಣ್ಣಾ, ಛತ್ತ ಸೋರಾಕತ್ತೈತಿ” ಎಂದ. “ನಿನ್ನ ಬಚ್ಚಲ ಪೈಪು ನೋಡಿಸು” ಎಂದೆ. ಹದಿನೈದು ದಿನ ಮಾತು ನಿಂತಿತು. ಒಂದು ಮುಂಜಾನೆ ಗಿಲಾವಿನ ದೊಡ್ಡ ಚಕ್ಕೆ ಅವನ ಮಗಳ ಹಾಸಿಗೆಯ ಮೇಲೆ ಬಿತ್ತು. ಹುಡುಗಿ ಆಗಷ್ಟೇ ಎದ್ದು ಹೋಗಿದ್ದಳು. ಆಗ ನನ್ನ ಹಟ ಇಳಿಯಿತು.

ಗಡಹಿಂಗ್ಲಜದಿಂದ ಹಳೆಯ ಗೌಂಡಿಯನ್ನು ಕರೆಸಿದೆ. ಅವರು ಒಂದು ಕಂಬ ಕಿತ್ತು ತೋರಿಸಿದರು. ನಮ್ಮ ಕಡೆ ಸ್ಲ್ಯಾಬಿನ ಮೇಲೆ ಇಟ್ಟಂಗಿ ಚೂರಿನ ಕೋಬಾ ಹಾಕುತ್ತಾರೆ. ನೀರನ್ನು ತಡೆಯುವುದು ಅದರ ಮೇಲಿನ ಸಿಮೆಂಟಿನ ತೊಗಲು. ತೂತು ಕೊರೆದರೆ ತೊಗಲು ಹರಿಯಿತು. ಬೋಲ್ಟು ಮೆತ್ತನೆಯ ಕೋಬಾದಲ್ಲಿಯೇ ನಿಂತರೆ, ಜನ ಒರಗಿದಾಗಲೆಲ್ಲ ಅಲುಗಾಡಿ ತೂತು ದೊಡ್ಡದಾಗುತ್ತದೆ. ಇಳಿದ ನೀರು ಒಳಗೊಳಗೇ ಹರಿದು ಹತ್ತು ಫೂಟು ಆಚೆ ಸೋರುತ್ತದೆ. ಸ್ಲ್ಯಾಬಿನ ಸಳಿ ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ.

ಇದನ್ನು ಸಣ್ಣ ಮಾತೆನ್ನಬೇಡಿ. 2015ರ ಜೂನ್ 16ರಂದು ಅಮೇರಿಕೆಯ ಬರ್ಕ್ಲಿಯಲ್ಲಿ ಐದನೆಯ ಮಜಲಿನ ಬಾಲ್ಕನಿ ಮುರಿದು ಆರು ಜನ ಎಳೆಯರು ಸತ್ತರು. ಅಲ್ಲಿ ಕಟ್ಟಿಗೆಯ ತೊಲೆಗಳು ನೀರು ಇಳಿದು ಕೊಳೆತಿದ್ದವು. ಕಟ್ಟಿಗೆಯಿರಲಿ ಕಬ್ಬಿಣವಿರಲಿ, ವೈರಿ ಒಂದೇ.

ಗೌಂಡಿಯವರು ಹೇಳಿದ್ದು ಹೀಗೆ:

ಒಂದು, ಆದಷ್ಟು ನೆಲಕ್ಕೆ ತೂತು ಬೇಡ. ಕಾಂಕ್ರೀಟಿನ ಪ್ಯಾರಾಪೆಟ್ ಇದ್ದರೆ ಅದರ ಒಳಮೈಗೆ, ಇಲ್ಲವೆ ತೊಲೆಯ ಹೊರಮೈಗೆ ಅಡ್ಡವಾಗಿ ಬೋಲ್ಟು ಹಾಕಿರಿ. ನಿಂತ ಗೋಡೆಯ ಮೇಲೆ ನೀರು ನಿಲ್ಲುವುದಿಲ್ಲ. ಅರ್ಧ ಇಟ್ಟಂಗಿಯ ಗೋಡೆಯನ್ನು ಮಾತ್ರ ನಂಬಬೇಡಿ.

ಎರಡು, ನೆಲದ ಮೇಲೆಯೇ ಬೇಕಾದರೆ ಕಂಬದ ಜಾಗದಲ್ಲಿ ಕೋಬಾ ಒಡೆದು, ಸ್ಲ್ಯಾಬಿಗೆ ಸಳಿ ಕೂಡಿಸಿ, ಗಚ್ಚಿಗಿಂತ ಆರು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಿರಿ. ವಾಟರ್‌ಪ್ರೂಫ್ ಲೇಪ ಕಟ್ಟೆಯ ಮೈಮೇಲೂ ಏರಬೇಕು, ಮೂಲೆ ಗುಂಡಗಿರಬೇಕು. ಬೋಲ್ಟು ಕಟ್ಟೆಯ ತಲೆಗೆ.

ಮೂರು, ತೂತಿನ ಧೂಳು ಊದಿ ತೆಗೆದು ಕೆಮಿಕಲ್ ಆಂಕರ್ ತುಂಬಿರಿ. ಬೋಲ್ಟು ಸ್ಟೀಲಿನದಿರಲಿ. ಪಟ್ಟಿಯ ಸುತ್ತ ಬಿಳಿ ಸಿಮೆಂಟ್ ಬೇಡ, ಬಿರಿಯುತ್ತದೆ. ಪಿಯು ಸೀಲಂಟ್ ಹಾಕಿ ವರ್ಷಕ್ಕೊಮ್ಮೆ ನೋಡಿರಿ. ಪೈಪಿನ ಬಾಯಿ ಮುಚ್ಚಿಸಿರಿ.

ನಾಲ್ಕು, ನೀರು ಹೋಗುವ ದಾರಿಗೆ ಬಟ್ಟೆ ತುರುಕಿ, ಎರಡು ಇಂಚು ನೀರನ್ನು ಎರಡು ದಿನ ನಿಲ್ಲಿಸಿ ಕೆಳಗಿನ ಛತ್ತು ನೋಡಿರಿ. ಒಣಗಿದ್ದರೆ ಮಾತ್ರ ಮಜೂರಿಯ ಕಡೆಯ ಹಣ ಕೊಡಿರಿ.

ಮಕ್ಕಳಿರುವ ಮನೆಯಲ್ಲಿ ರೇಲಿಂಗ್ ಒಂದು ಮೀಟರಿಗೆ ಕಡಿಮೆ ಬೇಡ. ಸಳಿಗಳ ಸಂದು ನಾಲ್ಕು ಇಂಚಿನೊಳಗಿರಲಿ. ಅಡ್ಡ ಸಳಿ ಬೇಡ, ಹುಡುಗರು ಹತ್ತುತ್ತಾರೆ. ಕೊಲ್ಹಾಪುರದ ಅಳಿಯನ ಫ್ಲ್ಯಾಟಿನಲ್ಲಿ ಇವನ್ನೆಲ್ಲ ಮೊದಲೇ ಮಾಡಿಸಿದೆವು. ಕೆಳಗಿನ ಮನೆಯವರಿಂದ ಈವರೆಗೆ ತಕರಾರಿಲ್ಲ.

2022ರ ಬೇಸಿಗೆಯಲ್ಲಿ ನಮ್ಮ ಏಳು ಕಂಬಗಳನ್ನು ಕಿತ್ತು ಕಟ್ಟೆಯ ಮೇಲೆ ಕೂಡಿಸಿದೆವು. ಮೊದಲು ಖರ್ಚಾದದ್ದಕ್ಕಿಂತ ಹೆಚ್ಚಾಯಿತು. ಮೊದಲ ದೊಡ್ಡ ಮಳೆಯ ರಾತ್ರಿ ಬ್ಯಾಟರಿ ಹಿಡಿದು ಕೆಳಗಿಳಿದೆ. ತಮ್ಮ ಆಗಲೇ ಛತ್ತು ನೋಡುತ್ತ ನಿಂತಿದ್ದ. “ಒಣಗೇತಿ ಅಣ್ಣಾ, ಕೂಡು” ಎಂದ.