ಸಿಹಿಬೇರಿನ ಪರೀಕ್ಷೆ

ಗ್ರಂಧಿಗೆ ಅಂಗಡಿಯ ಡಬ್ಬಗಳ ಸಾಲಿನಲ್ಲಿ ಜ್ಯೇಷ್ಠಮಧುವಿಗೆ ತಪ್ಪದೆ ಒಂದು ಸ್ಥಾನವುಂಟು. ಹೊರಗೆ ಕಂದು, ಒಳಗೆ ಹಳದಿ ಬಣ್ಣದ ಈ ಒಣಬೇರನ್ನು ಅಗಿದರೆ ನಾಲಗೆಯೆಲ್ಲ ಸಿಹಿಯಾಗುತ್ತದೆ. ಅತಿಮಧುರ, ಯಷ್ಟಿಮಧು ಎಂಬ ಹೆಸರುಗಳೂ ಇದಕ್ಕಿವೆ. ಕೆಮ್ಮುವ ಮಗುವಿಗೆ ಅಜ್ಜಿ ಇದನ್ನು ತೇದು ಜೇನಿನಲ್ಲಿ ನೆಕ್ಕಿಸುತ್ತಾಳೆ. ಹೊಟ್ಟೆಯುರಿಯೆಂದವರಿಗೆ ಹಾಲಿನಲ್ಲಿ ಬೆರೆಸಿ ಕೊಡುತ್ತಾಳೆ. ಚರಕಸಂಹಿತೆಯಲ್ಲಿಯೂ ಇದರ ಉಲ್ಲೇಖವಿದೆ. ಇಷ್ಟು ಹಳೆಯ ಮದ್ದನ್ನು ಪರೀಕ್ಷಿಸಬೇಕೆಂದರೆ ಕೆಲವರಿಗೆ ಕೋಪ ಬರುತ್ತದೆ. ಸಾವಿರಾರು ವರ್ಷಗಳ ಅನುಭವಕ್ಕಿಂತ ದೊಡ್ಡ ಪರೀಕ್ಷೆ ಯಾವುದು ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. ಆದರೆ ಅದಕ್ಕೆ ಈ ಬೇರಿನ ಚರಿತ್ರೆಯೇ ಉತ್ತರ ಹೇಳುತ್ತದೆ.

ಜ್ಯೇಷ್ಠಮಧು ನಮ್ಮೊಬ್ಬರ ಸ್ವತ್ತಲ್ಲ. ಪ್ರಾಚೀನ ಗ್ರೀಕರ ಕಾಲದಿಂದ ಯುರೋಪಿನಲ್ಲಿಯೂ ಅದು ಬಳಕೆಯಲ್ಲಿದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಹಾಲೆಂಡಿನ ಒಂದು ಊರಿನಲ್ಲಿ ರೇವರ್ಸ್ ಎಂಬ ವೈದ್ಯನಿದ್ದನು. ಜಠರದ ಹುಣ್ಣಿನಿಂದ ನರಳುತ್ತಿದ್ದ ರೋಗಿಗಳು ಸ್ಥಳೀಯ ಔಷಧ ವ್ಯಾಪಾರಿಯೊಬ್ಬನ ಲೇಹ್ಯದಿಂದ ಗುಣ ಕಾಣುತ್ತಿದ್ದುದು ಅವನ ಗಮನಕ್ಕೆ ಬಂದಿತು. ಅದರಲ್ಲಿದ್ದ ಮುಖ್ಯ ವಸ್ತು ಜ್ಯೇಷ್ಠಮಧುವಿನ ಸತ್ತ್ವ. ವಿದ್ಯಾವಂತ ವೈದ್ಯನಾದವನು ಇದನ್ನು ನಕ್ಕು ತಳ್ಳಿಹಾಕಬಹುದಾಗಿತ್ತು. ರೇವರ್ಸ್ ಹಾಗೆ ಮಾಡದೆ ತಾನೇ ರೋಗಿಗಳಿಗೆ ಆ ಸತ್ತ್ವವನ್ನು ಕೊಟ್ಟು ನೋಡಿ, 1946ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಹುಣ್ಣು ಮಾಯುತ್ತಿತ್ತು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕೈಕಾಲುಗಳು ಊದಿಕೊಳ್ಳುತ್ತಿದ್ದವು. ಗುಣವನ್ನು ಬರೆದ ಲೇಖನಿಯಿಂದಲೇ ಆತ ಈ ದೋಷವನ್ನೂ ಬರೆದನು. ಇದಕ್ಕಾಗಿ ಅವನನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಹುಣ್ಣು ಮಾಯಿತೆಂಬ ಮಾತ್ರಕ್ಕೆ ಮದ್ದು ಗೆದ್ದಿತೆನ್ನಬಹುದೆ? ಜಠರದ ಹುಣ್ಣು ಬಹಳ ಮೋಸದ ವ್ಯಾಧಿ. ಕೆಲವು ವಾರ ಕಾಡಿ, ತಾನಾಗಿಯೇ ಶಮನವಾಗಿ, ತಿಂಗಳುಗಳ ಮೇಲೆ ಮತ್ತೆ ತಲೆಯೆತ್ತುತ್ತದೆ. ಶಮನದ ಹೊತ್ತಿಗೆ ರೋಗಿ ಬೂದುಗುಂಬಳದ ರಸ ಕುಡಿಯುತ್ತಿದ್ದರೆ ಕೀರ್ತಿ ಕುಂಬಳಕ್ಕೆ, ಹರಕೆ ಹೊತ್ತಿದ್ದರೆ ದೇವರಿಗೆ! ಆದುದರಿಂದ ಮದ್ದು ಪಡೆದವರನ್ನು, ಅದೇ ರೂಪದ ಆದರೆ ಮದ್ದಿಲ್ಲದ ಗುಳಿಗೆ ಪಡೆದವರೊಡನೆ ಹೋಲಿಸಲೇಬೇಕು. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೆ ತಿಳಿದಿರಬಾರದು. ಅಳೆಯುವವನಿಗೂ ತಿಳಿಯದಿದ್ದರೆ ಇನ್ನೂ ಉತ್ತಮ. ಜ್ಯೇಷ್ಠಮಧುವಿನಿಂದ ತಯಾರಾದ ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ಅವರ ಸಂಗಡಿಗರು ಹೋಲಿಕೆಯ ಪರೀಕ್ಷೆಗೆ ಒಳಪಡಿಸಿ, 1962ರಲ್ಲಿ ವರದಿ ಮಾಡಿದರು. ಕ್ಷ-ಕಿರಣದ ಚಿತ್ರಗಳಲ್ಲಿ ಹುಣ್ಣಿನ ಗಾತ್ರವನ್ನು ಅಳೆದಾಗ, ಮದ್ದು ಪಡೆದವರ ಜಠರದ ಹುಣ್ಣು ಬೇಗನೆ ಕುಗ್ಗಿದುದು ಕಂಡುಬಂದಿತು. ಅಜ್ಜಿಯ ಮಾತಿನಲ್ಲಿ ಹುರುಳಿತ್ತು.

ಊದಿಕೊಳ್ಳುವ ದೋಷವೂ ಅಷ್ಟೇ ನಿಜವಾಯಿತು. ಈ ಬೇರಿಗೆ ಸಿಹಿಯನ್ನು ಕೊಡುವ ಅಂಶವೇ ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಅದರಿಂದ ಶರೀರದಲ್ಲಿ ಉಪ್ಪೂ ನೀರೂ ಉಳಿದುಕೊಂಡು, ಪೊಟ್ಯಾಸಿಯಂ ಹೊರಗೆ ಹರಿದುಹೋಗುತ್ತದೆ. ರಕ್ತದೊತ್ತಡ ಏರುತ್ತದೆ, ಸ್ನಾಯುಗಳು ಬಲಗುಂದುತ್ತವೆ, ಹೃದಯದ ಬಡಿತವೂ ತಾಳತಪ್ಪಬಹುದು. ಸಾವಿರಾರು ವರ್ಷಗಳ ಅನುಭವವು ಇದನ್ನು ಏಕೆ ಸ್ಪಷ್ಟವಾಗಿ ಹೇಳಲಿಲ್ಲ? ಅನುಭವವು ಕಣ್ಣಿಗೆ ಬೀಳುವುದನ್ನು ಮಾತ್ರ ನೆನಪಿಡುತ್ತದೆ. ಉರಿ ತಣಿದುದು ಅಂದೇ ತಿಳಿಯುತ್ತದೆ. ರಕ್ತದೊತ್ತಡ ಏರಿದುದು ಅದನ್ನು ಅಳೆಯುವ ಸಾಧನವೇ ಇಲ್ಲದ ಕಾಲದಲ್ಲಿ ಯಾರಿಗೆ ತಿಳಿಯಬೇಕು? ವಾರಗಳ ತರುವಾಯ ಬಂದ ನಿಶ್ಶಕ್ತಿಗೂ ಸಿಹಿಬೇರಿಗೂ ಯಾರು ಗಂಟು ಹಾಕಬೇಕು? ಹಿರಿಯರು ತಪ್ಪಿದರೆಂದು ನಾನು ಹೇಳುತ್ತಿಲ್ಲ. ಅವರು ಕೊಡುತ್ತಿದ್ದುದು ಚಿಟಿಕೆಯ ಲೆಕ್ಕ, ಅದೂ ನಾಲ್ಕಾರು ದಿನ.

ಮುಂದೆ ಆಮ್ಲವನ್ನು ತಗ್ಗಿಸುವ ಸಿಮೆಟಿಡೀನ್ 1976ರಲ್ಲಿ ಬಳಕೆಗೆ ಬಂದು ಕಾರ್ಬೆನಾಕ್ಸೊಲೋನನ್ನು ಹಿಂದಿಕ್ಕಿತು. 1982ರಲ್ಲಿ ಆಸ್ಟ್ರೇಲಿಯದ ವಾರನ್ ಮತ್ತು ಮಾರ್ಷಲ್ ಜಠರದಲ್ಲಿ ನೆಲೆಸುವ ಒಂದು ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. ಅನೇಕ ಹುಣ್ಣುಗಳಿಗೆ ಅದೇ ಮೂಲವೆಂಬುದು ಸಿದ್ಧಪಟ್ಟು, 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಈಗ ಅಂತಹ ಹುಣ್ಣನ್ನು ಎರಡು ವಾರಗಳ ಜೀವಿರೋಧಕ ಚಿಕಿತ್ಸೆಯಿಂದ ಬುಡಸಹಿತ ಕೀಳಬಹುದು. ನೋವುನಿವಾರಕ ಗುಳಿಗೆಗಳಿಂದಾದ ಹುಣ್ಣಿಗೆ ಆ ಗುಳಿಗೆಗಳನ್ನು ನಿಲ್ಲಿಸುವುದೇ ಮೊದಲ ಮದ್ದು.

ಆದರೂ ಜ್ಯೇಷ್ಠಮಧುವಿನ ಪುಡಿ ಇಂದಿಗೂ ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದೆ. ರಕ್ತದೊತ್ತಡವಿರುವ ಹಿರಿಯರು ಗಿಡಮೂಲಿಕೆಯಲ್ಲವೆ, ಏನಾದೀತು ಎಂದು ಅದನ್ನು ತಿಂಗಳುಗಟ್ಟಲೆ ಸೇವಿಸುವುದುಂಟು. ಪರೀಕ್ಷೆ ಹೇಳಿದ ಮಾತು ಅವರವರೆಗೆ ತಲುಪಿಲ್ಲ. ನಿಮಗೆ ರಕ್ತದೊತ್ತಡವುಂಟೆ, ಎಷ್ಟು ದಿನದಿಂದ ತಿನ್ನುತ್ತಿದ್ದೀರಿ, ಮಲವೇನಾದರೂ ಕಪ್ಪಾಗಿದೆಯೆ ಎಂದು ಪೊಟ್ಟಣವನ್ನು ಕೈಗಿಡುವ ಮೊದಲು ಅಂಗಡಿಯವನು ಕೇಳುವಂತಾಗಬೇಕು. ಅವನು ಕೇಳದಿದ್ದರೆ, ಮನೆಯಲ್ಲಿ ಓದು ಬಲ್ಲ ಮಕ್ಕಳಾದರೂ ಕೇಳಬಹುದು.