ಚಿಕಿತ್ಸೆಯೂ ಪರಿಸರವೂ

ರೋಗವನ್ನು ವಾಸಿಮಾಡುವುದು ಪುಣ್ಯದ ಕೆಲಸ. ಆದರೆ ಕೆಲಸವು ಪುಣ್ಯದ್ದೆಂಬ ಕಾರಣಕ್ಕೆ ಅದರಿಂದೇಳುವ ಹೊಗೆಯು ನಿರಪಾಯವಾಗುವುದಿಲ್ಲ. ಮಾನವನ ಚಟುವಟಿಕೆಗಳಿಂದ ಹೊರಬೀಳುವ, ಭೂಮಿಯ ಬಿಸಿಯನ್ನೇರಿಸುವ ಅನಿಲಗಳಲ್ಲಿ ನೂರಕ್ಕೆ ನಾಲ್ಕೈದು ಪಾಲು ಆರೋಗ್ಯಸೇವೆಗೆ ಸಂಬಂಧಿಸಿದ್ದೆಂದು ಅಂದಾಜು ಮಾಡಲಾಗಿದೆ. ಬಿಸಿಯೇರಿದಂತೆ ಉಷ್ಣಾಘಾತ, ಡೆಂಗಿ ಮೊದಲಾದ ಬಾಧೆಗಳೂ ಹೆಚ್ಚುತ್ತವೆ. ಒಬ್ಬ ರೋಗಿಯನ್ನು ಗುಣಪಡಿಸುವ ಆಸ್ಪತ್ರೆಯೇ ಮತ್ತೊಬ್ಬನ ರೋಗಕ್ಕೆ ಕಾರಣವಾಗುವುದು ಉಚಿತವೆ?

"ಪ್ರಾಣದ ಪ್ರಶ್ನೆ ಬಂದಾಗ ಮಿತವ್ಯಯದ ಮಾತೇಕೆ?" ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ನ್ಯಾಯವಿದೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸಿ ಉಳಿತಾಯ ಮಾಡಬೇಕೆಂದು ವಿವೇಕಿಗಳಾರೂ ಹೇಳಲಾರರು. ಆದರೆ ರೋಗಿಗೆ ಎಳ್ಳಷ್ಟೂ ಕೊರತೆಯಾಗದಂತೆ ಕಡಿಮೆಮಾಡಬಹುದಾದ ಹಾನಿಯೂ ಬೇಕಾದಷ್ಟಿದೆ.

ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಅರಿವಳಿಕೆಯನ್ನೇ ನೋಡಿರಿ. ಡೆಸ್‌ಫ್ಲುರೇನ್ ಎಂಬ ಅರಿವಳಿಕೆಯನ್ನು ರೋಗಿಯು ಉಸಿರಾಡಿದ ಮೇಲೆ ಅದರ ಬಹುಭಾಗವು ಹಾಗೆಯೇ ಹೊರಬಂದು ವಾಯುಮಂಡಲವನ್ನು ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 2,000ಕ್ಕೂ ಹೆಚ್ಚು ಪಟ್ಟು ಬಿಸಿಯನ್ನು ಹಿಡಿದಿಡಬಲ್ಲದು. ಸೆವೊಫ್ಲುರೇನ್ ಎಂಬುದು ಬಹುಪಾಲು ಸಂದರ್ಭಗಳಲ್ಲಿ ಅದೇ ಕೆಲಸವನ್ನು ಎಷ್ಟೋ ಕಡಿಮೆ ಹಾನಿಯಿಂದ ನೆರವೇರಿಸುತ್ತದೆ. ಇದನ್ನರಿತ ಸ್ಕಾಟ್ಲೆಂಡು 2023ರಲ್ಲಿ ತನ್ನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಡೆಸ್‌ಫ್ಲುರೇನಿನ ಬಳಕೆಯನ್ನು ಕೈಬಿಟ್ಟಿತು.

ಔಷಧಿಗಳನ್ನು ಕಂಡುಹಿಡಿಯುವ ಸಂಶೋಧನಾಲಯಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಜೀವಕೋಶಗಳ ಮಾದರಿಗಳನ್ನು ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿರಿಸುವ ವಾಡಿಕೆಯಿದೆ. ಅಂತಹ ಒಂದು ಶೀತಪೆಟ್ಟಿಗೆಯು ನಮ್ಮ ಹಲವು ಸಾಮಾನ್ಯ ಮನೆಗಳಿಗೆ ಸಾಲುವಷ್ಟು ವಿದ್ಯುತ್ತನ್ನು ಕಬಳಿಸುತ್ತದೆ. ಎಷ್ಟೋ ಮಾದರಿಗಳಿಗೆ 70 ಡಿಗ್ರಿಯೇ ಸಾಕು. ಇಷ್ಟರಿಂದಲೇ ಸುಮಾರು ಕಾಲುಭಾಗ ವಿದ್ಯುತ್ತು ಉಳಿಯುತ್ತದೆ.

ಇನ್ನು ಕಸದ ಮಾತು. ನಮ್ಮ ದೇಶದ 2016ರ ನಿಯಮಗಳ ಪ್ರಕಾರ ಆಸ್ಪತ್ರೆಯ ಅಪಾಯಕರ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಹುಟ್ಟುವಲ್ಲಿಯೇ ಬೇರ್ಪಡಿಸತಕ್ಕದ್ದು. ಹಳದಿ ಚೀಲದಲ್ಲಿರುವುದು ಬಹುಮಟ್ಟಿಗೆ ಸುಡುವುದಕ್ಕೆ ಹೋಗುತ್ತದೆ. ರೋಗಿಯು ತಿಂದುಳಿದ ಬಾಳೆಹಣ್ಣಿನ ಸಿಪ್ಪೆಯನ್ನು ಅದರೊಳಗೆ ಎಸೆದರೆ, ಗೊಬ್ಬರವಾಗಬೇಕಾದುದು ಹೊಗೆಯಾಗುತ್ತದೆ. ಕೆಲವು ಪ್ಲಾಸ್ಟಿಕ್ಕುಗಳು ಸರಿಯಾದ ತಾಪವಿಲ್ಲದೆ ಉರಿದರಂತೂ ಡಯಾಕ್ಸಿನ್ ಎಂಬ ಘೋರ ವಿಷವೇ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ದಹನಕುಂಡದ ಸುತ್ತಲಿನ ಬಡವರು.

ಇವುಗಳಲ್ಲಿ ಯಾವುದಕ್ಕೂ ರೋಗಿಯು ತನ್ನ ಚಿಕಿತ್ಸೆಯಲ್ಲಿ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಬೇಕಾಗಿರುವುದು ವೈದ್ಯರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಎಚ್ಚರ. ಹಾನಿಮಾಡಬಾರದೆಂಬುದು ವೈದ್ಯವೃತ್ತಿಯ ಹಳೆಯ ಧರ್ಮ. ಆ ಧರ್ಮವನ್ನು ಆಸ್ಪತ್ರೆಯ ಗೋಡೆಯಾಚೆಗೂ ಪಾಲಿಸುವುದು ಇಂದಿನ ಕರ್ತವ್ಯವಾಗಿದೆ.