ಸುಫ್ಫಾದ ಪಾಠ ಮರೆತ ಸಮುದಾಯ

ರಮಝಾನ್ ಬಂತೆಂದರೆ ನಮ್ಮ ಮಸ್ಜಿದ್‌ಗಳ ಬಾಗಿಲಲ್ಲಿ ಸೂರಿಲ್ಲದವರ ಸಾಲು ಬೆಳೆಯುತ್ತದೆ. ನೋಟು ಹಂಚಿ, ಝಕಾತ್ ತೀರಿತೆಂದು ನಾವು ನಿರಾಳರಾಗುತ್ತೇವೆ. ಮರುವರ್ಷ ಅದೇ ಜನ, ಅದೇ ಸಾಲು. ಇದು ದಾರಿದ್ರ್ಯದ ನಿವಾರಣೆಯೋ, ಪೋಷಣೆಯೋ?

ಪ್ರವಾದಿವರ್ಯರ(ಸ) ಮಾದರಿ ಬೇರೆಯೇ ಆಗಿತ್ತು. ಮದೀನಾದ ಮಸ್ಜಿದ್‌ನಲ್ಲಿ ಸುಫ್ಫಾ ಎಂಬ ಚಾವಣಿಯಡಿ ಮನೆಯಿಲ್ಲದವರು ನೆಲೆಸಿದ್ದರು. ಅವರಿಗೆ ಅನ್ನದೊಂದಿಗೆ ಅಕ್ಷರವೂ ದೊರೆಯಿತು. ಉಬಾದಾ ಬಿನ್ ಸಾಮಿತ್(ರ) ಬರಹವನ್ನೂ ಕುರ್‌ಆನನ್ನೂ ಕಲಿಸಿದರು. ಅಲ್ಲಿ ಹಸಿವಿನಿಂದ ಬಳಲಿದ್ದ ಅಬೂ ಹುರೈರಾ(ರ) ಮುಂದೆ ಖಲೀಫಾ ಉಮರ್(ರ) ಕಾಲದಲ್ಲಿ ಬಹ್ರೈನ್‌ನ ರಾಜ್ಯಪಾಲರಾದರು. ಬೇಡಲು ಬಂದ ಅನ್ಸಾರಿಯೊಬ್ಬರ ಹೊದಿಕೆ, ಬಟ್ಟಲುಗಳನ್ನು ಪ್ರವಾದಿ(ಸ) 2 ದಿರ್ಹಮ್‌ಗೆ ಹರಾಜು ಹಾಕಿದರು. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಅದಕ್ಕೆ ಸ್ವತಃ ಕಾವು ಹಾಕಿಕೊಟ್ಟರು. 15 ದಿನ ಸೌದೆ ಮಾರಿದ ಆ ವ್ಯಕ್ತಿ 10 ದಿರ್ಹಮ್ ಗಳಿಸಿ ಮರಳಿದರು.

ಅವರು ಸೋಮಾರಿಗಳು ಎನ್ನುವವರಿದ್ದಾರೆ. ವಿಳಾಸವೇ ಇಲ್ಲದವನನ್ನು ನಂಬಿ ಕೆಲಸ ಕೊಡುವವರಾರು? ಜಮಾಅತ್ ಅವನ ಪರ ಜಾಮೀನು ನಿಲ್ಲಲಿ. ಝಕಾತನ್ನು ಒಟ್ಟುಗೂಡಿಸಿ ಹೊಲಿಗೆ, ವೈರಿಂಗ್, ಬಡಗಿ ಕೆಲಸ ಕಲಿಸಲಿ. ಕಲಿಕೆ ಮುಗಿಯುವವರೆಗೆ ತಂಗಲು ಕೋಣೆ ಕೊಡಲಿ. ಮಕ್ಕಳನ್ನು ಶಾಲೆಗೆ ಸೇರಿಸಲಿ.

ಹಸಿದವನಿಗೆ ಇಂದೇ ಅನ್ನ ನೀಡಬೇಕು, ನಿಜ. ಆದರೆ ಕೊಡಲಿಯನ್ನು ಮರೆತು ಅನ್ನವನ್ನಷ್ಟೇ ಹಂಚುವವರು ಸುನ್ನತ್ತಿನ ಅರ್ಧವನ್ನಷ್ಟೇ ಪಾಲಿಸಿದ್ದಾರೆ.